ಗಂಡನ ಎದೆ ತೋರಿಸಲು ಹೋದವಳು

ಶಹಾಪುರದ ಹಳೇ ಬಜಾರಿನಲ್ಲಿ ಹಗ್ಗದ ಅಂಗಡಿ ಇಟ್ಟಿರುವ ಚನ್ನಯ್ಯನಿಗೆ ಎದೆನೋವಂತೆ ಎಂಬ ಸುದ್ದಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ. ಎತ್ತಿಗೆ ಮೂಗುದಾರ, ಹತ್ತಿ ಚೀಲಕ್ಕೆ ಸುತಳಿ ಎಂದು ಬಂದ ರೈತರು ಸಾಮಾನಿನ ಮಾತು ಬಿಟ್ಟು ಮೊದಲು ಅವನ ಎದೆಯ ಯೋಗಕ್ಷೇಮ ವಿಚಾರಿಸತೊಡಗಿದರು. ಅವನಿಗೂ ಅದು ಒಂದಿಷ್ಟು ಹಿಡಿಸಿತ್ತು. ಅಂಗೈಯನ್ನು ಎದೆಯ ನಡುವೆ ಊರಿ, "ಇಲ್ಲಿಂದ ಏಳತದ ನೋಡ್ರಿ, ಗಂಟಲತನಕ ಬರತದ" ಎಂದು ಒಬ್ಬೊಬ್ಬರಿಗೂ ಹೊಸದಾಗಿ ಹೇಳುತ್ತಿದ್ದ.

ಅವನ ಹೆಂಡತಿ ಕಲ್ಯಾಣಮ್ಮನಿಗೂ ಒಂದು ನೋವಿತ್ತು. ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಐವತ್ತನಾಲ್ಕು ವರ್ಷದ ಕಲ್ಯಾಣಮ್ಮ ಶಿರವಾಳದ ಅಂಗನವಾಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಟೀಚರ್. ಬೆಳಿಗ್ಗೆ ಬಸ್ಸಿಳಿದು, ಹಳೇ ಗುಡಿಗಳನ್ನು ಬಳಸಿ, ಕೈಚೀಲ ಹಿಡಿದು ಅಂಗನವಾಡಿಯವರೆಗೆ ನಡೆಯುವಾಗ ಎಡದವಡೆ ಹಿಂಡಿದಂತಾಗುತ್ತಿತ್ತು. ಕೆಲವು ದಿನ ಅದು ಬೆನ್ನಿಗೂ ಇಳಿಯುತ್ತಿತ್ತು. ಎರಡು ನಿಮಿಷ ನಿಂತರೆ ಹೋಗುತ್ತಿತ್ತು. ಹಲ್ಲಿನದೇ ಕಾಟ ಎಂದುಕೊಂಡು ದೀಪಾವಳಿಯ ಹೊತ್ತಿಗೆ ಒಂದು ದವಡೆಹಲ್ಲನ್ನು ಕೀಳಿಸಿಯೂ ಬಂದಿದ್ದಳು. ಹಲ್ಲು ಹೋಯಿತು, ನೋವು ಉಳಿಯಿತು. ಆರು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವಳಿಗೆ ಇದೊಂದು ಹೆಚ್ಚೇನಲ್ಲ ಎಂದು ಸುಮ್ಮನಾದಳು. ಮನೆಯಲ್ಲಿ ಎದೆನೋವು ಕೂತಿರುವಾಗ ಹಲ್ಲುನೋವನ್ನು ಯಾರು ಕೇಳುತ್ತಾರೆ?

ಚನ್ನಯ್ಯನನ್ನು ಯಾದಗಿರಿಯ ಡಾಕ್ಟರು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ ನೋಡಿದರು. ಪಟ್ಟಿ ಏನನ್ನೂ ಖಚಿತವಾಗಿ ಹೇಳಲಿಲ್ಲ. ಅವನಿಗೆ ಅರವತ್ತೆರಡು ವರ್ಷ, ತಂದೆ ಎದೆನೋವಿನಿಂದಲೇ ತೀರಿಕೊಂಡವರು, ತಂಬಾಕು ಬಿಟ್ಟದ್ದು ಹೋದ ವರ್ಷ. "ಅನುಮಾನ ಇಟ್ಟುಕೊಂಡು ಕೂಡೋದು ಬ್ಯಾಡ್ರಿ ಅಯ್ಯಾರ. ಕಲಬುರಗಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸ್ರಿ, ಒಳಗ ಏನದ ಅಂಬೋದು ಕಣ್ಣಿಗೆ ಕಾಣ್ತದ" ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿ ದೇವರ ಮಾಡದಲ್ಲಿ ಒಂದು ತಿಂಗಳು ಕೂತಿತು. ಅದಕ್ಕೆ ಕಾರಣ ಚನ್ನಯ್ಯನ ತಮ್ಮ ಸಂಗಮನಾಥ. ಒಂದು ಭಾನುವಾರ ಊಟಕ್ಕೆ ಬಂದವನು ರೊಟ್ಟಿ ಮುರಿಯುತ್ತಲೇ ಶುರುಮಾಡಿದ.

"ನಮ್ಮ ಬೀಗರ ಊರಾಗ ಒಬ್ಬಾಂವ ಹೋಗಿದ್ದ ವೈನಿ. ಕೈಯಾಗಿಂದ ತಂತಿ ಬಿಟ್ರಂತ, ಎದಿಗೆ ಹೋಗಿ ಮುಟ್ಟಿತಂತ. ಮರುದಿನ ಹೆಣಾನೇ ಬಂತು."

ಚನ್ನಯ್ಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಲ್ಯಾಣಮ್ಮ ಪಲ್ಯದ ಸೌಟು ಕೆಳಗಿಟ್ಟು ಕೇಳಿದಳು:

"ನೋವು ಬಂದು ಎಷ್ಟು ದಿನಕ್ಕ ದವಾಖಾನಿಗೆ ಹೋಗಿದ್ದ ತಮ್ಮಾ ಅಂವ?"

"ನಾಕು ದಿನ ಮನ್ಯಾಗ ಇದ್ದ. ಗ್ಯಾಸ್ ಅಂತ ಸೋಡಾ ಕುಡ್ಕೋತ ಕುಂತಿದ್ದ."

"ಹಂಗಾದ್ರ ತಂತಿ ಅವನ್ನ ಕೊಂದಿಲ್ಲ. ಆ ನಾಕು ದಿನ ಕೊಂದಾವ."

ಸಂಗಮನಾಥ ಇನ್ನೊಂದು ರೊಟ್ಟಿಗೆ ಕೈಚಾಚಿದ. ಆದರೆ ಚನ್ನಯ್ಯನ ಹೆದರಿಕೆ ಹೋಗಲಿಲ್ಲ. ಇಂದು ಅಮಾವಾಸ್ಯೆ, ನಾಳೆ ಸಂತೆ, ನಾಡಿದ್ದು ಮಾಲು ಬರುವುದಿದೆ ಎಂದು ದಿನ ದೂಡುತ್ತ ಬಂದ. ಕಲ್ಯಾಣಮ್ಮ ಇಂಥವರನ್ನು ಇಪ್ಪತ್ತಾರು ವರ್ಷ ಕಂಡವಳು. ಕೂಸಿಗೆ ಲಸಿಕೆ ಹಾಕಿಸಲು ಹೆದರಿ ಬಾಗಿಲ ಹಿಂದೆ ಅಡಗುವ ತಾಯಂದಿರನ್ನು ಹೊರಗೆ ತರುವುದು ಅವಳ ಕಸುಬಿನ ಭಾಗವೇ ಆಗಿತ್ತು. ಒಂದು ಬೆಳಿಗ್ಗೆ ಚನ್ನಯ್ಯ ವಿಭೂತಿ ಹಚ್ಚಿಕೊಳ್ಳುತ್ತಿರುವಾಗ ಎದುರು ಕೂತಳು.

"ನಾ ಆ ಹೆಣ್ಣಮಕ್ಕಳಿಗೆ ಸೂಜಿಯಿಂದ ಏನೂ ಆಗಂಗಿಲ್ಲ ಅಂತ ಎಂದೂ ಹೇಳಿಲ್ಲರಿ. ಜ್ವರ ಬರ್ತಾವ, ಒಂದು ದಿನ ಅಳ್ತದ ಅಂತ ಹೇಳ್ತೀನಿ. ಹಾಕಿಸದಿದ್ರ ಏನಾಗ್ತದ ಅಂಬೋದೂ ಹೇಳ್ತೀನಿ. ಆಮ್ಯಾಲ ಅವರೇ ಕೂಸಿನ್ನ ಎತ್ತಿಕೊಂಡು ಬರ್ತಾರ. ನಿಮಗೂ ಅದೇ ಮಾತು. ಹೋಗಿ ಡಾಕ್ಟರನ್ನ ಎಲ್ಲಾ ಕೇಳೂಣು. ಕೇಳಿದ ಮ್ಯಾಲ ಬ್ಯಾಡ ಅನಿಸಿದ್ರ ತಿರುಗಿ ಬರೂಣು."

ತಿರುಗಿ ಬರಬಹುದು ಎಂಬ ಮಾತು ಚನ್ನಯ್ಯನಿಗೆ ಧೈರ್ಯ ಕೊಟ್ಟಿತು. ಮರುದಿನ ಮುಂಜಾನೆಯ ಬಸ್ಸಿಗೆ ಇಬ್ಬರೂ ಹೊರಟರು. ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಬಂದಾಗ ಚನ್ನಯ್ಯ ಕೈಮುಗಿದ. ಉಪವಾಸ ಬರಬೇಕೆಂದು ಹೇಳಿದ್ದರಿಂದ ಅವನು ನೀರನ್ನೂ ಮುಟ್ಟಿರಲಿಲ್ಲ. ಅವನು ಉಣ್ಣದಿರುವಾಗ ತಾನು ಉಣ್ಣುವುದು ಹೇಗೆಂದು ಕಲ್ಯಾಣಮ್ಮನೂ ಬುತ್ತಿ ಬಿಚ್ಚಲಿಲ್ಲ.

ಕಲಬುರಗಿಯ ಆ ಹೃದಯದ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕ ಡಾಕ್ಟರ ಹೆಸರು ಪರಿಮಳಾ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಕಾಗದದಲ್ಲಿ ಶಹಾಪುರ ಎಂದಿರುವುದನ್ನು ನೋಡಿ ತಲೆಯೆತ್ತಿ, "ನಾನೂ ಆ ಕಡೆಯಾಕಿನೇ ರಿ, ಬಳಿಚಕ್ರ. ನಮ್ಮಪ್ಪ ಅಲ್ಲಿ ಸಾಲಿ ಮಾಸ್ತರ" ಎಂದರು. ಚನ್ನಯ್ಯನ ಬಿಗಿದ ಭುಜ ಸ್ವಲ್ಪ ಸಡಿಲಾಯಿತು.

"ಅಯ್ಯಾರ, ಇದು ಆಪರೇಷನ್ ಅಲ್ಲ. ಎದಿ ಕೊಯ್ಯಂಗಿಲ್ಲ, ನೋಡೋದು ಅಷ್ಟ. ಮುಂಗೈಯಾಗಿನ ರಕ್ತನಾಳದಾಗ ಸಣ್ಣ ನಳಿಗಿ ಹಾಕಿ ಹೃದಯದ ಬಾಗಿಲತನಕ ಒಯ್ತೀವಿ. ಅಲ್ಲಿ ಒಂದು ಔಷಧ ಬಿಟ್ರ ಅದು ಹರಿಯೋ ಹಾದಿಯೆಲ್ಲ ಎಕ್ಸ್‌ರೇದಾಗ ಕಾಣ್ತದ. ಎಲ್ಲಿ ಸಣ್ಣದಾಗ್ಯಾದ, ಎಲ್ಲಿ ಮುಚ್ಚ್ಯಾದ, ತಿಳೀತದ. ಅದರ ಮ್ಯಾಲ ಮಾತ್ರಿ ಸಾಕೋ, ಸ್ಟೆಂಟ್ ಬೇಕೋ, ಬೈಪಾಸ್ ಬೇಕೋ ಅಂತ ಹೇಳಬಹುದು."

"ಅಪಾಯ ಇಲ್ಲೇನ್ರಿ?" ಕೇಳಿದವಳು ಕಲ್ಯಾಣಮ್ಮ.

"ಇಲ್ಲ ಅಂದ್ರ ಸುಳ್ಳಾಗ್ತದ ಅಮ್ಮಾರ. ಕೈ ಸ್ವಲ್ಪ ಬಾಯಬಹುದು, ಕಪ್ಪಗಾಗಬಹುದು. ಕೆಲವರಿಗೆ ಆ ಔಷಧದಿಂದ ತುರಿಕಿ ಬರ್ತದ. ಮೂತ್ರಪಿಂಡ ಸೋತಿದ್ರ ಅದಕ್ಕ ಭಾರ ಆಗ್ತದ, ಅದಕ್ಕೇ ಮೊದಲ ರಕ್ತ ಪರೀಕ್ಷೆ ಮಾಡ್ತೀವಿ. ಪಾರ್ಶ್ವವಾಯು, ಜೀವಕ್ಕ ಅಪಾಯ, ಇಂಥಾ ದೊಡ್ಡ ತೊಂದರಿ ಅಂದ್ರ ಸಾವಿರ ಮಂದಿಯಾಗ ಒಬ್ಬರಿಗೋ ಇಬ್ಬರಿಗೋ. ಅದನ್ನ ನೋಡ್ಕೊಳ್ಳಾಕ ಅಂತನೇ ನಾವೆಲ್ಲ ಒಳಗ ಇರ್ತೀವಿ."

ಮುಚ್ಚಿಡದ ಈ ಮಾತು ಕಲ್ಯಾಣಮ್ಮನಿಗೆ ಹಿಡಿಸಿತು. ಚನ್ನಯ್ಯ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಸಹಿ ಹಾಕಿದ.

ರಕ್ತದ ವರದಿ ಬಂದು, ಅವನನ್ನು ಒಳಗೆ ಕರೆದೊಯ್ಯುವಾಗ ಮಧ್ಯಾಹ್ನವಾಗಿತ್ತು. ಕಲ್ಯಾಣಮ್ಮ ಹೊರಗಿನ ಬೆಂಚಿನಲ್ಲಿ ಕೂತು ಶಿವಶಿವಾ ಎನ್ನುತ್ತಿದ್ದಳು. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಕೂತು ಬಂದ ಚನ್ನಯ್ಯನ ಬಲಗೈ ಮಣಿಕಟ್ಟಿಗೆ ಬಿಗಿಯಾದ ಪಟ್ಟಿಯೊಂದು ಬಿಟ್ಟರೆ ಬೇರೆ ಯಾವ ಗುರುತೂ ಇರಲಿಲ್ಲ.

"ಆತೇನ್ರಿ?" ಎಂದಳು ನಂಬಲಾಗದೆ.

"ಆತು. ಒಳಗ ಭಾಳ ಥಂಡಿ. ಒಂದು ಚಾ ಸಿಗ್ತದೇನು ನೋಡು."

ಪರಿಮಳಾ ಅವರಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಚಿತ್ರ ತೋರಿಸಿದರು. ಬೂದುಬಣ್ಣದ ಪರದೆಯ ಮೇಲೆ ಕಪ್ಪು ಬೇರುಗಳಂಥವು ಮಿಡಿಯುತ್ತ ಹರಡಿಕೊಂಡಿದ್ದವು. "ನೋಡ್ರಿ, ಎಲ್ಲಾ ಸ್ವಚ್ಛ ಅವ. ನಿಮ್ಮ ಎದಿಯಾಗ ಏನೂ ಇಲ್ಲ ಅಯ್ಯಾರ. ಹೊಟ್ಟಿಯಾಗಿನ ಹುಳಿ ಮ್ಯಾಲ ಬಂದು ಸುಡಾಕತ್ತದ. ಅಂಗಡ್ಯಾಗ ಕುಂತು ಮಿರ್ಚಿ ಭಜಿ ತಿಂತೀರೇನು?"

ಚನ್ನಯ್ಯನ ಮುಖದಲ್ಲಿ ಸಂತೋಷ ಉಕ್ಕಿತು. ಅದರ ಜೊತೆಗೆ ಒಂದು ಸಣ್ಣ ಮುಜುಗರವೂ ಇತ್ತು. ಎರಡು ತಿಂಗಳು ಊರಿಗೆಲ್ಲ ಎದೆ ತೋರಿಸಿದವನು ಈಗ ಹೋಗಿ ಭಜಿಯ ಹೆಸರು ಹೇಳಬೇಕಿತ್ತು. ಕಲ್ಯಾಣಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಸುರಪುರಕ್ಕೆ ಕೊಟ್ಟಿದ್ದ ಮಗಳು ಕಸ್ತೂರಿಗೆ ಫೋನು ಮಾಡಿ, "ನಿಮ್ಮಪ್ಪನ ಎದಿ ಗಟ್ಟಿ ಅದನವ್ವ" ಎಂದು ಹೇಳಿ, ಚಹಾ ತರಲು ಕೆಳಗಿಳಿದಳು.

ಬರುವಾಗ ಲಿಫ್ಟಿನ ಮುಂದೆ ಜನ ತುಂಬಿತ್ತು. ಚಹಾ ಆರೀತೆಂದು ಮೆಟ್ಟಿಲು ಹಿಡಿದಳು. ಮೂರನೇ ಮಹಡಿಗೆ ಹೋಗಬೇಕಿತ್ತು. ಎರಡನೆಯದು ಮುಟ್ಟುವಷ್ಟರಲ್ಲಿ ದವಡೆ ಹಿಡಿಯಿತು. ದಿನದಂತೆ ನಿಂತಳು. ಆದರೆ ದಿನದಂತೆ ಅದು ಹೋಗಲಿಲ್ಲ. ಬೆನ್ನ ನಡುವೆ ಯಾರೋ ಮೊಳಕೈ ಊರಿ ನಿಂತಂತಾಯಿತು. ಹಣೆಯಲ್ಲಿ ಬೆವರೊಡೆಯಿತು. ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೆನ್ನೆಗೆ ಕೈಹಚ್ಚಿ ಗೋಡೆಗೆ ಆತುಕೊಂಡಳು.

ಮೇಲಿನಿಂದ ಇಳಿದು ಬರುತ್ತಿದ್ದ ನರ್ಸೊಬ್ಬಳು ಎರಡು ಮೆಟ್ಟಿಲು ದಾಟಿ ಹೋದವಳು ಮತ್ತೆ ಹಿಂದಕ್ಕೆ ಬಂದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ನುಜ್ಹತ ಎಂದು ಹೆಸರಿತ್ತು.

"ಏನಾತ್ರಿ ಅಕ್ಕಾರ? ಹಲ್ಲು ನೋಯಾಕತ್ತದೇನು?"

"ಹೂನವ್ವ. ಹಲ್ಲು ಕೀಳಿಸೇನಿ, ಆದ್ರೂ ಹೋಗವಲ್ದು."

"ಹಲ್ಲು ಇಲ್ಲದ ಜಾಗಾದಾಗ ನೋವು ಎಲ್ಲಿಂದ ಬಂತ್ರಿ? ಮೆಟ್ಟಿಲ ಹತ್ತಿದಾಗಷ್ಟ ಬರ್ತದೋ, ಸುಮ್ಮನ ಕುಂತಾಗೂ ಬರ್ತದೋ?"

ಹೀಗೆ ಯಾರೂ ಅವಳನ್ನು ಕೇಳಿರಲಿಲ್ಲ. "ನಡದಾಗ ಬರ್ತದ. ನಿಂತ್ರ ಹೋಗ್ತದ. ಇವತ್ತ ಯಾಕೋ..."

ನುಜ್ಹತ ಆಗಲೇ ಅವಳ ನಾಡಿ ಹಿಡಿದಿದ್ದಳು. "ಇಲ್ಲೇ ಮೆಟ್ಟಿಲ ಮ್ಯಾಲ ಕೂಡ್ರಿ. ಏಳಬ್ಯಾಡ್ರಿ." ಫೋನು ತೆಗೆದು ಯಾರಿಗೋ ಗಾಲಿಕುರ್ಚಿ ತರಲು ಹೇಳಿದಳು.

"ನಾ ರೋಗಿ ಅಲ್ಲವ್ವ, ನಮ್ಮ ಮನಿಯವರನ್ನ ತೋರಿಸಾಕ ಬಂದಾಕಿ. ಚಾ ಆರ್ತದ."

"ಆರಲಿ ಬಿಡ್ರಿ. ನಮ್ಮ ಅಮ್ಮೀಗೂ ಹಿಂಗೇ ದವಡಿ ನೋಯ್ತಿತ್ತು. ನಾವು ಲವಂಗದ ಎಣ್ಣಿ ಹಚ್ಕೋತ ಕುಂತ್ವಿ. ಎದಿ ಅಂತ ಗೊತ್ತಾಗೋದ್ರಾಗ ಆಕಿ ಇರಲಿಲ್ಲ. ನಾ ಆಗಿನ್ನೂ ನರ್ಸಿಂಗ್ ಸೇರಿದ್ದಿಲ್ಲರಿ." ಅಷ್ಟು ಹೇಳಿ ಅವಳು ಮತ್ತೆ ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದಳು.

ಇಸಿಜಿ ತೆಗೆದರು. ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟರು. ಐದು ನಿಮಿಷದಲ್ಲಿ ದವಡೆಯ ಹಿಡಿತ ಬಿಟ್ಟಿತು. ವರ್ಷದಿಂದ ಕಾಡಿದ ಹಲ್ಲುನೋವು ಎದೆಯ ಮಾತ್ರೆಗೆ ಹೋದ ಮೇಲೆ ಅದು ಎದೆಯದೇ ಎಂದು ಕಲ್ಯಾಣಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇಸಿಜಿಯಲ್ಲಿ ವ್ಯತ್ಯಾಸ ಇತ್ತು. ರಕ್ತದಲ್ಲೂ ಹೃದಯಕ್ಕೆ ಪೆಟ್ಟಾದ ಗುರುತು ಸಣ್ಣದಾಗಿ ಕಾಣಿಸಿತು. ಪರಿಮಳಾ ಬಂದು ಮಂಚದ ಪಕ್ಕ ನಿಂತರು.

"ಅಮ್ಮಾರ, ನೀವು ಇವತ್ತು ಊರಿಗೆ ಹೋಗೋ ಹಂಗಿಲ್ಲ. ಹೆಣ್ಣಮಕ್ಕಳಿಗೆ, ಅದ್ರಾಗೂ ಸಕ್ಕರಿ ಇದ್ದವರಿಗೆ, ಎದಿ ನೋವು ಎದಿಯಾಗೇ ಬರಬೇಕು ಅಂತ ಇಲ್ಲ. ಇಲ್ಲೇ ಕಣ್ಣ ಮುಂದ ಇರ್ರಿ, ನಾಳಿ ಮುಂಜಾನಿ ಆಂಜಿಯೋಗ್ರಾಮ್ ಮಾಡೂಣು. ನಡುವ ನೋವು ಮತ್ತ ಬಂದ್ರ ಆಗಿಂದಾಗ ಒಳಗ ಕರ್ಕೊಂಡು ಹೋಗ್ತೀವಿ."

"ನಾಳಿ ಆಗಂಗಿಲ್ಲರಿ. ಅಂಗನವಾಡಿಯಾಗ ತೂಕ ಮಾಡೋ ದಿನ. ಸುಗಲಮ್ಮ ಒಬ್ಬಾಕೀನೇ ಇರ್ತಾಳ." ಸುಗಲಮ್ಮ ಅವಳ ಸಹಾಯಕಿ. ಮುಂದಿನ ವಾರ ಬರುತ್ತೇನೆ ಎಂದಳು ಕಲ್ಯಾಣಮ್ಮ. ಗಂಡನಿಗೆ ಅಷ್ಟು ಬುದ್ಧಿ ಹೇಳಿದವಳು ತನ್ನ ಸರದಿ ಬಂದಾಗ ತಾನೂ ದಿನ ದೂಡಲು ನೋಡಿದಳು.

ಚನ್ನಯ್ಯ ಕುರ್ಚಿ ಎಳೆದುಕೊಂಡು ಕೂತ. ಅವಳ ಕೈಯನ್ನು ತನ್ನ ಎಡಗೈಯಲ್ಲಿ ತೆಗೆದುಕೊಂಡ. ನಾಲ್ಕು ಮಂದಿಯ ಎದುರು ಅವನು ಹಾಗೆ ಅವಳ ಕೈ ಹಿಡಿದದ್ದು ಮದುವೆಯ ದಿನ ಮಾತ್ರ.

"ಕಲ್ಯಾಣಿ, ನಾ ಒಳಗ ಹೋಗಿ ಬಂದೇನಿಲ್ಲೋ? ಸೂಜಿ ಚುಚ್ಚಿದಾಗ ಒಂದೀಟು ಉರೀತದ. ಔಷಧ ಬಿಟ್ಟಾಗ ಮೈಯೆಲ್ಲ ಬೆಚ್ಚಗಾಗ್ತದ, ಉಚ್ಚಿ ಬಂದಂಗ ಅನಿಸ್ತದ, ಬರಂಗಿಲ್ಲ. ಅಷ್ಟ. ನನ್ನಂಥಾ ಅಂಜುಬುರುಕನೇ ಹೋಗಿ ಬಂದ ಮ್ಯಾಲ ನಿನಗೇನು? ಸುಗಲಮ್ಮಗ ನಾ ಫೋನ್ ಮಾಡ್ತೀನಿ."

ಡಾಕ್ಟರು ಹೇಳದ ಆ ಉಚ್ಚೆಯ ಮಾತಿಗೆ ನುಜ್ಹತ ನಕ್ಕುಬಿಟ್ಟಳು. ಕಲ್ಯಾಣಮ್ಮನೂ ನಕ್ಕಳು. ಆಮೇಲೆ ಪೆನ್ನು ಕೇಳಿದಳು.

ಮರುದಿನ ಬೆಳಿಗ್ಗೆ ಅವಳನ್ನು ಒಳಗೆ ಮಲಗಿಸಿದಾಗ ಗಂಡ ಹೇಳಿದ ಥಂಡಿ ನಿಜವಾಗಿತ್ತು. ಎದೆಯ ಮೇಲೆ ದೊಡ್ಡದೊಂದು ಯಂತ್ರ ಬಾಗಿತ್ತು. ಎಚ್ಚರವಾಗಿಯೇ ಇದ್ದಳು. ಮುಂಗೈ ಮರಗಟ್ಟಿಸಿ ನಳಿಗೆ ಹಾಕಿದರು. ಆದರೆ ಅವಳ ರಕ್ತನಾಳ ಸಣ್ಣದು. ನಳಿಗೆ ಸ್ವಲ್ಪ ದೂರ ಹೋಗುತ್ತಲೇ ಅದು ಬಿಗಿದುಕೊಂಡಿತು. ತೋಳಿನುದ್ದಕ್ಕೂ ನೋವು ಹರಿದು ಅವಳು ಹಲ್ಲು ಕಚ್ಚಿದಳು.

"ನಿಲ್ಲಸ್ರಿ" ಎಂದರು ಪರಿಮಳಾ ತಮ್ಮ ಜೊತೆಯವರಿಗೆ. ಆಮೇಲೆ ಅವಳ ಕಡೆ ಬಾಗಿ, "ಅಮ್ಮಾರ, ಕೈಯಾಗಿನ ನಾಳ ಹಿಡಕೊಂಡದ. ಹೆಣ್ಣಮಕ್ಕಳಿಗೆ ಹಿಂಗ ಆಗ್ತಿರ್ತದ. ಒತ್ತಾಯ ಮಾಡೋದು ಬ್ಯಾಡ, ತೊಡಿ ಸಂದಿಯಾಗಿಂದ ಹೋಗ್ತೀವಿ. ಆಮ್ಯಾಲ ಆರು ತಾಸು ಕಾಲು ಮಡಚದ ಮಲಗಬೇಕಾಗ್ತದ, ಅಷ್ಟ ತಕಲೀಫು" ಎಂದರು.

ತಲೆಯ ಬಳಿ ನಿಂತಿದ್ದ ನುಜ್ಹತ ಅವಳ ಹಣೆ ಒರೆಸಿದಳು. ಆಗುತ್ತಿರುವುದನ್ನು ಆಗುತ್ತಿರುವಾಗಲೇ ಹೇಳುತ್ತಿದ್ದರಿಂದ ಕಲ್ಯಾಣಮ್ಮನಿಗೆ ಹೆದರಿಕೆ ಕಡಿಮೆಯಾಯಿತು. ಈ ಸಲ ನೋವಾಗಲಿಲ್ಲ. ಔಷಧ ಬಿಟ್ಟಾಗ ಮೈ ಬೆಚ್ಚಗಾಯಿತು. ಗಂಡ ಹೇಳಿದ ಆ ಇನ್ನೊಂದೂ ಹಾಗೇ ಅನಿಸಿತು.

"ಪರದೆ ನೋಡ್ತೀರೇನು?" ಎಂದರು ಪರಿಮಳಾ.

ಕತ್ತು ಹೊರಳಿಸಿದಳು. ನಿನ್ನೆ ಗಂಡನ ಚಿತ್ರದಲ್ಲಿ ಕೊನೆಯವರೆಗೆ ತುಂಬಿ ಹರಿದಿದ್ದ ದಾರಿ ಇಲ್ಲಿ ಮೇಲ್ಗಡೆಯೇ ಒಂದು ಕಡೆ ನೂಲಿನಷ್ಟು ತೆಳ್ಳಗಾಗಿತ್ತು. ಅದರಾಚೆ ಕಪ್ಪು ಬಣ್ಣ ತಡವರಿಸುತ್ತ ಹೋಗುತ್ತಿತ್ತು.

"ನಮ್ಮ ಕಡೆ ಕಾಲುವೆಯಾಗ ಹೂಳು ತುಂಬತದಲ್ಲರಿ, ಕಡೀ ಹೊಲಕ್ಕ ನೀರು ಮುಟ್ಟಂಗಿಲ್ಲ. ಹಂಗೇ ಇದು. ಹೃದಯದ ಮುಂಭಾಗಕ್ಕ ಹೋಗೋ ದೊಡ್ಡ ನಾಳ, ನೂರಕ್ಕ ತೊಂಬತ್ತು ಮುಚ್ಚ್ಯಾದ. ಉಳಿದ ಎರಡು ಚಲೋ ಅವ. ಈಗಲೇ ಸ್ಟೆಂಟ್, ಅಂದ್ರ ಸಣ್ಣ ಜಾಳಿಗಿ ನಳಿಗಿ, ಹಾಕಿ ಹಾದಿ ಅಗಲ ಮಾಡ್ತೀವಿ, ನಿನ್ನಿ ಹೇಳಿದ್ದೆನಲ್ಲ. ಹೂಂ ಅಂತೀರೇನು?"

"ಹೂಂನವ್ವ, ಹಾಕು" ಎಂದಳು ಕಲ್ಯಾಣಮ್ಮ. ಡಾಕ್ಟರನ್ನು ಏಕವಚನದಲ್ಲಿ ಕರೆದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಪರಿಮಳಾ ಮುಖಗವಸಿನೊಳಗೆ ನಕ್ಕಿದ್ದು ಕಣ್ಣಲ್ಲಿ ಕಂಡಿತು.

ಮುಕ್ಕಾಲು ಗಂಟೆಯ ನಂತರ ಮತ್ತೆ ಔಷಧ ಬಿಟ್ಟು ತೋರಿಸಿದರು. ನೂಲಿನ ಜಾಗದಲ್ಲಿ ಹಗ್ಗದಷ್ಟು ದಪ್ಪ ಕಪ್ಪು ಗೆರೆ, ಅದರ ತುದಿಯವರೆಗೂ ಹರಿವು. ತನ್ನ ಎದೆಯೊಳಗೆ ರಕ್ತ ಹೀಗೆ ಓಡಾಡುತ್ತದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತಬಾರದೆಂದು ಹೇಳಿದ್ದರಿಂದ ಹಾಗೇ ಬಿಟ್ಟಳು.

ಆ ಮಧ್ಯಾಹ್ನ ಕಾಲು ನೆಟ್ಟಗೆ ಚಾಚಿ ಮಲಗಿದ್ದ ಅವಳಿಗೆ ಚನ್ನಯ್ಯ ಚಮಚದಿಂದ ಗಂಜಿ ಕುಡಿಸಿದ. ಅಭ್ಯಾಸವಿಲ್ಲದ ಕೈ, ಅರ್ಧ ಕತ್ತಿಗೆ ಹರಿಯಿತು. ಅವಳ ಸೆರಗಿನಿಂದ ಒರೆಸುತ್ತ ಅವನು ತಲೆಯೆತ್ತದೆ ಹೇಳಿದ:

"ನೀ ದವಡಿ ಹಿಡಕೊಂಡು ಕುಂದ್ರೋದು ನಾ ನೋಡಿದ್ದೆ. ಒಂದು ಸಲ ಅಲ್ಲ, ಭಾಳ ಸಲ. ಏನು ಅಂತ ಕೇಳಲಿಲ್ಲ."

"ನಾ ಹೇಳಲಿಲ್ಲ."

"ಹೇಳಬೇಕಾಗಿತ್ತೇನು?"

"ನಿಮಗೆ ಆ ಹುಳಿ ಬರದಿದ್ರ ನಾ ಈ ದವಾಖಾನಿ ಮೆಟ್ಟಿಲ ಏರ್ತಿದ್ದಿಲ್ಲರಿ. ಇನ್ನೊಂದು ಹಲ್ಲು ಕೀಳಿಸಿ ಬರ್ತಿದ್ದೆ. ನಿಮ್ಮ ಭಜಿಗೆ ನಾ ಕೈಮುಗೀಬೇಕು."

ಸಂಜೆ ಕಸ್ತೂರಿ ಸುರಪುರದಿಂದ ಓಡಿ ಬಂದಳು. ಅಪ್ಪನ ಎದೆ ಗಟ್ಟಿ ಎಂದು ನಿನ್ನೆ ಕೇಳಿದವಳು ಇಂದು ಕೆಟ್ಟದ್ದು ಅವ್ವನ ಎದೆ ಎಂದು ಕೇಳಿ ದಾರಿಯುದ್ದಕ್ಕೂ ಅತ್ತಿದ್ದಳು. ಬಂದು ನೋಡಿದರೆ ಅವ್ವ ಮಲಗಿದಲ್ಲಿಂದಲೇ ಫೋನಿನಲ್ಲಿ ಸುಗಲಮ್ಮನಿಗೆ ಯಾವ ಕೂಸಿನ ತೂಕ ಹೋದ ತಿಂಗಳಿಗಿಂತ ಕಡಿಮೆಯಾಗಿದೆ ಎಂದು ಕೇಳುತ್ತಿದ್ದಳು. ತೊಡೆಯ ಸಂದಿಯಲ್ಲಿ ಅಂಗೈಯಗಲ ಕಪ್ಪು ಕಲೆ ಮೂಡಿತ್ತು. ಹದಿನೈದು ದಿನದಲ್ಲಿ ಅದು ಹಸಿರಾಗಿ, ಹಳದಿಯಾಗಿ, ಇಲ್ಲವಾಯಿತು.

ಮೂರು ತಿಂಗಳಿಗೆ ಮತ್ತೆ ತೋರಿಸಲು ಹೋಗುವ ಹಿಂದಿನ ದಿನ ಕಲ್ಯಾಣಮ್ಮ ಶೇಂಗಾ ಹೋಳಿಗೆ ಮಾಡಿದಳು. ಒಂದು ಡಬ್ಬಿ ಪರಿಮಳಾಗೆ, ಒಂದು ನುಜ್ಹತಗೆ. ಡಾಕ್ಟರು ಬರುವ ಮೊದಲೇ ಮೂರನೇ ಮಹಡಿಗೆ ಹೋಗಿ ಆಂಜಿಯೋಗ್ರಾಮ್ ಕೋಣೆಯ ಬಾಗಿಲ ಹೊರಗೆ ನಿಂತಳು. ಬಹಳ ಹೊತ್ತಿನ ಮೇಲೆ ನುಜ್ಹತ ಹೊರಬಂದಳು, ಕೈಯಲ್ಲಿ ಯಾರದೋ ಕಾಗದಗಳು.

"ನುಜ್ಹತವ್ವ" ಎಂದು ಕರೆದಳು ಕಲ್ಯಾಣಮ್ಮ. "ಇದು ನಿನಗ ತಂದೀನಿ."

ನುಜ್ಹತ ಡಬ್ಬಿಯನ್ನೂ ಅವಳ ಮುಖವನ್ನೂ ನೋಡಿದಳು. ಗುರುತು ಹತ್ತಲಿಲ್ಲ. "ಯಾವ ಅಕ್ಕಾರ್ರಿ ನೀವು? ಯಾರ ಕಡೆಯವರು?"

ಕಲ್ಯಾಣಮ್ಮ ಮೂರು ತಿಂಗಳು ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಈ ಹುಡುಗಿಯ ಹೆಸರು ಹೇಳಿ ಕೈಮುಗಿದಿದ್ದಳು. ಆ ಹುಡುಗಿಗೆ ಇವಳ ಮುಖವೇ ನೆನಪಿಲ್ಲ. ಆದರೂ ಮನಸ್ಸಿಗೆ ನೋವಾಗಲಿಲ್ಲ. ಮೆಟ್ಟಿಲ ಮೇಲೆ ಇನ್ನೆಷ್ಟು ಜನರ ನಾಡಿ ಹಿಡಿದಿದ್ದಾಳೋ ಎಂದುಕೊಂಡಳು.

"ಶಹಾಪುರದಾಕಿ. ಮೆಟ್ಟಿಲದಾಗ ದವಡಿ ಹಿಡಕೊಂಡು ನಿಂತಿದ್ದೆ. ನೀ ಹೊಳ್ಳಿ ಬಂದು ಕೇಳಿದಿ."

ನುಜ್ಹತಳ ಮುಖ ನಿಧಾನವಾಗಿ ಅರಳಿತು. "ಅರೆ, ಚಾ ಆರ್ತದ ಅಂದವರು. ಮಾಫ್ ಮಾಡ್ರಿ ಅಕ್ಕಾರ, ದಿನಾ ಎಷ್ಟೊಂದು ಮಂದಿ, ನೆನಪೇ ಉಳಿಯಂಗಿಲ್ಲ."

"ನೆನಪಿಡಬೇಕಾದಾಕಿ ನಾನವ್ವ, ನೀ ಅಲ್ಲ" ಎಂದಳು ಕಲ್ಯಾಣಮ್ಮ.

ನುಜ್ಹತ ಅಲ್ಲೇ ನಿಂತು ಅರ್ಧ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು. ಒಳಗಿನಿಂದ ಅವಳನ್ನು ಕೂಗಿದರು. ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡು, ಬಾಯಿ ತುಂಬಿದ್ದರಿಂದ ಮಾತಾಡಲಾಗದೆ, ಕಲ್ಯಾಣಮ್ಮನ ಮುಂಗೈ ಒಮ್ಮೆ ಮುಟ್ಟಿ ಒಳಗೆ ಹೋದಳು.